ಮೌಶಿಗೆ ಕಾಣದ ಐದು ಸಂಜೆ

ದಸರೆಯ ಗುರುವಾರ ಸಂಜೆ ಏಳಕ್ಕೆ ನನ್ನ ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದು ಗೊತ್ತಾಯಿತು. ಏಳು ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪುಣೆಯ ನಿಗಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಏಳಕ್ಕೆ ಬೇರೇನೂ ನಡೆಯುವುದಿಲ್ಲ. ಇರುವವರು ಇಬ್ಬರೇ, ಅವ್ವ ಮತ್ತು ನಾನು. ಆ ಹೊತ್ತಿಗೆ ಅವ್ವ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಾಳೆ. ನಾನು ಅವಳೆದುರು ಅವಲಕ್ಕಿ ಡಬ್ಬಿಗೆ ಫೋನ್ ಆನಿಸಿ ಧಾರವಾಡಕ್ಕೆ ವಿಡಿಯೋ ಕರೆ ಹಚ್ಚುತ್ತೇನೆ. ಆ ಕಡೆ ಮೌಶಿ, ಅವ್ವನ ತಂಗಿ, ಆಗಲೇ ಕಾಯುತ್ತಿರುತ್ತಾಳೆ.

ಮೌಶಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮಾತೂ ಬರಲಿಲ್ಲ. ಶಾಲೆಗೆ ಹೋದದ್ದು ಎರಡನೇ ಇಯತ್ತೆಯ ತನಕ. ಅಂಕಿ ಬರುತ್ತವೆ, ಮನೆಯವರ ಹೆಸರು ಗುರುತಿಸುತ್ತಾಳೆ, ಅಷ್ಟೇ. ಆದರೆ ಚಿಕ್ಕಂದಿನಲ್ಲಿ ಅಕ್ಕ ತಂಗಿ ಕೂಡಿ ಕೈಯಿಂದಲೇ ಒಂದು ಭಾಷೆ ಮಾಡಿಕೊಂಡಿದ್ದರು. ಮೂಗಿನ ಬದಿಗೆ ಬೆರಳಿಟ್ಟರೆ ಅವ್ವ, ಮೂಗುತಿಯಿಂದಾಗಿ. ಮೀಸೆ ತಿರುವಿದರೆ ಮಾಮಾ, ಅವರಿಬ್ಬರ ತಮ್ಮ. ಅಂಗೈ ಮೇಲೆ ಬರೆದಂತೆ ಮಾಡಿದರೆ ನಾನು. ಅಂಗೈಯಿಂದ ಬೆರಳಲ್ಲಿ ತೆಗೆದು ನೆಕ್ಕಿದರೆ ಬೆಳಗಾವಿ, ಅಲ್ಲಿಯ ಸಿಹಿ ಕುಂದಾದಿಂದಾಗಿ. ನನಗೆ ಬರುವ ಸನ್ನೆಗಳನ್ನು ಒಮ್ಮೆ ವಹಿಯಲ್ಲಿ ಬರೆದು ಎಣಿಸಿದ್ದೆ, ಇನ್ನೂರ ಹದಿನೆಂಟು. ಪೂರ್ತಿ ಬಲ್ಲವರು ಅವರಿಬ್ಬರೇ. ಮೌಶಿ ತಮ್ಮನ ಮನೆಯಲ್ಲಿಯೇ ಇರುತ್ತಾಳೆ, ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಆದರೂ ಮನೆಯವರ ಹೆಸರು ಬಿಟ್ಟರೆ ಮಾಮಾಗೆ ಬರುವುದು ಊಟ, ನೀರು, ಬಾ, ಹೋಗು, ಬ್ಯಾಡ, ಇಷ್ಟೇ.

ಆ ವಾರ ಆಕೆಗೆ ಒಂದು ಪ್ರಶ್ನೆ ಇತ್ತು. ಬೆಳಗಾವಿಯ ಕಡೆಯ ಕಿವುಡ ಮಕ್ಕಳ ವಸತಿ ಶಾಲೆಯೊಂದರವರು ಆಕೆಯ ಹೊಲಿಗೆ ನೋಡಿ, ನಮ್ಮ ಹುಡುಗಿಯರಿಗೆ ಕಲಿಸಲು ಬರ್ರಿ, ಅಲ್ಲೇ ಇರ್ರಿ ಎಂದು ಕೇಳಿದ್ದರು. ಮುಂದಿನ ಬುಧವಾರದೊಳಗೆ ಉತ್ತರ ಬೇಕು. ಮಾಮಾ ಒಲ್ಲೆ ಎಂದಿದ್ದ. ಇಷ್ಟು ವರ್ಷ ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಉಳಿಯದವಳು, ಅಲ್ಲಿ ಜ್ವರ ಬಂದರೆ ಯಾರಿಗೆ ಹೇಳುತ್ತಾಳೆ ಎನ್ನುವುದು ಅವನ ವಾದ. ಅಕ್ಕ ಏನನ್ನುತ್ತಾಳೋ ಅದನ್ನೇ ಮಾಡುತ್ತೇನೆ ಎಂದು ಮೌಶಿ ಮಂಗಳವಾರ ಕೈಯಿಂದ ಹೇಳಿ ಮುಗಿಸಿದ್ದಳು. ಅವ್ವ ಎರಡು ದಿನ ಯೋಚಿಸಿ, ಹೋಗು ಎನ್ನಲು ನಿರ್ಧರಿಸಿದ್ದಳು. ಅದನ್ನು ಹೇಳಬೇಕಿದ್ದ ಸಂಜೆಯೇ ಕ್ಯಾಮೆರಾ ಸತ್ತಿತು.

ಮೌಶಿಯ ಮುಖ ನಮಗೆ ಚೆನ್ನಾಗಿ ಕಾಣುತ್ತಿತ್ತು. ನಾವು ಆಕೆಗೆ ಬರೀ ಕಪ್ಪು. ಅವ್ವನಿಗೆ ಇದು ತಿಳಿಯಲು ಮೂರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವಳು ಪೂರ್ತಿ ಉತ್ತರವನ್ನು ಕೈಯಿಂದ ಹೇಳಿ ಮುಗಿಸಿದ್ದಳು. ಮೌಶಿ ತನ್ನ ಫೋನಿನ ಗಾಜನ್ನು ಸೆರಗಿನಿಂದ ಒರೆಸಿದಳು, ದೀಪದ ಬೆಳಕಿಗೆ ಹಿಡಿದಳು, ಕೊನೆಗೆ ಎರಡೂ ಅಂಗೈ ಮೇಲೆ ಮಾಡಿ ಹುಬ್ಬೇರಿಸಿದಳು. ಏನಂತೀ?

"ಹೋಗವಾ ಅಂತ ಹೇಳಾಕತ್ತೀನಲ್ಲ!" ಎಂದು ಅವ್ವ ಕೂಗಿದಳು.

"ಅವ್ವಾ, ಮೌಶಿಗೆ ಕೇಳಿಸೂದಿಲ್ಲ."

"ಅದು ನನಗೊತ್ತದ. ನಿನ್ನ ಫೋನಿಗರ ಕೇಳಸ್ಲಿ."

ಆ ಸಂಜೆಯೇ ವಹಿಯಲ್ಲಿ ಹೊಸ ಪುಟ ತೆರೆದೆ. ಫೋನ್ ಆರಿಸಿ ಹಚ್ಚಿದ್ದು ಹನ್ನೊಂದು ಸಲ. ಕ್ಯಾಮೆರಾ ಆ್ಯಪನ್ನು ಬಲವಂತವಾಗಿ ನಿಲ್ಲಿಸಿದ್ದು ಆರು ಸಲ. ಪ್ರತಿ ಸಲವೂ ಒಂದೇ ವಾಕ್ಯ: ಕ್ಯಾಮೆರಾ ತೆರೆಯಲಾಗುತ್ತಿಲ್ಲ. ಮುಂದಿನದೂ ಇಲ್ಲ, ಹಿಂದಿನ ಮೂರರಲ್ಲಿ ಒಂದೂ ಇಲ್ಲ. ನಂತರ, ಮೂರು ದಿನಗಳಲ್ಲಿ ಫೋನಿಗೆ ಏನೇನಾಯಿತು ಎಂದು ಪಟ್ಟಿ ಮಾಡಿದೆ, ಹದಿನಾಲ್ಕು ಬಾಬು. ಸ್ಕೂಟರಿನ ಡಿಕ್ಕಿಯಲ್ಲಿ ಎಷ್ಟು ಹೊತ್ತು ಇತ್ತು, ಯಾವ ಆ್ಯಪ್ ಹೊಸದಾಗಿ ಹಾಕಿದೆ, ಮಂಗಳವಾರ ಸೋಫಾದಿಂದ ಜಾರಿದ್ದು, ಎತ್ತರ ಸುಮಾರು ಒಂದೂವರೆ ಅಡಿ. ಒಂದನ್ನೂ ಬಿಟ್ಟಿಲ್ಲ ಎಂದುಕೊಂಡಿದ್ದೆ.

ಶುಕ್ರವಾರ ಹಿಂಜವಡಿಯ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಮೈಸೂರಿನ ಗೆಳೆಯನಿಗೆ ಪಟ್ಟಿ ತೋರಿಸಿದೆ. ಆತ ಓದಲೇ ಇಲ್ಲ.

"ಸಾಫ್ಟ್‌ವೇರ್ ಇಶ್ಯೂ ಕಣೇ ಇದು. ಫ್ಯಾಕ್ಟರಿ ರೀಸೆಟ್ ಮಾಡ್ಬಿಡು, ಸರಿ ಹೋಗತ್ತೆ."

"ಹೋಗದಿದ್ರೆ?"

"ಹೋಗತ್ತೆ ಅಂತಿದೀನಲ್ಲ. ನಿಂಗೆ ಎಲ್ಲದಕ್ಕೂ ಡೌಟು."

ಶನಿವಾರ ರೀಸೆಟ್ ಮಾಡಿದೆ. ಎಲ್ಲವನ್ನೂ ಬೇರೆಡೆ ಉಳಿಸಿ, ಅಳಿಸಿ, ಮತ್ತೆ ತುಂಬಲು ಆರು ಗಂಟೆ ಹತ್ತು ನಿಮಿಷ. ಕ್ಯಾಮೆರಾ ತೆರೆಯಲಾಗುತ್ತಿಲ್ಲ. ಈ ಸಲ ಆ ವಾಕ್ಯ ಇಂಗ್ಲಿಷಿನಲ್ಲಿ ಬಂತು, ಏಕೆಂದರೆ ಭಾಷೆಯ ಆಯ್ಕೆಯೂ ಅಳಿಸಿಹೋಗಿತ್ತು.

ಬೇರೆ ಫೋನಿನಿಂದ ಮಾಡಬಾರದೇ ಎಂದು ಎಲ್ಲರೂ ಕೇಳಿದರು, ಎಣಿಸಿದ್ದೇನೆ, ಏಳು ಜನ. ಅವ್ವನದು, ಮಾಮಾನದು ಎರಡೂ ಗುಂಡಿ ಒತ್ತುವ ಫೋನು. ನನ್ನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇಂಥ ಕರೆಗಳಿಗೆ ಅವಕಾಶವಿಲ್ಲ. ವಿಡಿಯೋ ತೆಗೆದು ಕಳಿಸೋಣವೆಂದರೆ, ಕರೆ ಎತ್ತುವುದು, ಕತ್ತರಿಸುವುದು ಬಿಟ್ಟು ಫೋನಿನಲ್ಲಿ ಮೌಶಿಗೆ ಬೇರೇನೂ ಬರುವುದಿಲ್ಲ. ಎದುರು ಮನೆಯ ಕಾಕು ಪ್ರೀತಿಯಿಂದ ತಮ್ಮ ಫೋನ್ ಕೊಟ್ಟರು. ನಾಲ್ಕು ಸಲ ಹಚ್ಚಿದೆವು, ನಾಲ್ಕೂ ಸಲ ಮೌಶಿ ಕತ್ತರಿಸಿದಳು. ಗುರುತಿಲ್ಲದ ನಂಬರ್ ಎತ್ತಬೇಡ, ಮೋಸಗಾರರಿರುತ್ತಾರೆ ಎಂದು ಮಾಮಾನೇ ಆಕೆಗೆ ಕಲಿಸಿದ್ದ. ಅವನು ಕಲಿಸಿದ್ದರಲ್ಲಿ ಆಕೆಗೆ ಸರಿಯಾಗಿ ಹತ್ತಿದ್ದು ಇದೊಂದೇ.

ಹಾಗಾಗಿ ಶನಿವಾರ ಸಂಜೆ ಅವ್ವ ಮಾಮಾನ ಕಾಲು ಹಿಡಿಯಬೇಕಾಯಿತು. ನನ್ನ ಫೋನಿನಿಂದಲೇ ವಿಡಿಯೋ ಕರೆ. ಮೌಶಿಯ ಪಕ್ಕ ಮಾಮಾ ಬಂದು ಕೂತ.

"ಹೇಳಕ್ಕಾ, ಏನ್ ಹೇಳ್ಬೇಕು ಆಕಿಗೆ?"

"ಹೋಗಂತ ಹೇಳು. ನಾ ಒಪ್ಪೀನಿ ಅಂತ ಹೇಳು."

"ಹೇಳ್ತೀನಿ ತಗೋ."

ಅವನು ಮೌಶಿಯ ಕಡೆ ತಿರುಗಿ ಮೂಗಿನ ಬದಿಗೆ ಬೆರಳಿಟ್ಟ. ಸರಿ, ಅಕ್ಕ. ಆಮೇಲೆ ಹೊರಗೆ ಹೋಗುವಂತೆ ಕೈ ಮಾಡಿದ. ಸರಿ. ಆಮೇಲೆ ಅಂಗೈ ಅಡ್ಡಡ್ಡ ಆಡಿಸಿದ. ಬ್ಯಾಡ.

"ಅಲ್ಲೋ! ನಾ ಹಂಗ ಅಂದಿಲ್ಲ!" ಅವ್ವ ಎದ್ದು ನಿಂತಳು. "ಕಣ್ಣ್ ಮುಂದ ಸುಳ್ಳ್ ಹೇಳ್ತೀಯೇನೋ?"

"ಎಲ್ಲಿ ಸುಳ್ಳು? ನೀ ಹೋಗಂದಿ, ನಾ ಬ್ಯಾಡ ಅಂತೀನಿ. ಎರಡೂ ಹೇಳೀನಿ ನೋಡು. ಆಕಿ ತಿಳ್ಕೋತಾಳ."

"ನಿನ್ನ ಬ್ಯಾಡ ಯಾವಂವ ಕೇಳ್ಯಾನ? ನಂದಷ್ಟು ಹೇಳು!"

"ಅಕ್ಕಾ, ನನಗ ಬರೂವು ಐದು ಸನ್ನಿ. ಅದ್ರಾಗ ಎಷ್ಟಂತ ಹೇಳ್ಲಿ?"

ಮೌಶಿ ತಮ್ಮನ ತುಟಿಯನ್ನೊಮ್ಮೆ, ಕಪ್ಪು ಗಾಜನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಹೋದಳು. ಅವ್ವ ಆ ರಾತ್ರಿ ಊಟ ಮಾಡಲಿಲ್ಲ. ನಾನು ಅವಳ ಮುಂದೆ ವಹಿ ತೆರೆದದ್ದು ತಪ್ಪಾಯಿತು.

"ಬರಿ, ಬರಿ. ಅವ್ವ ಉಪವಾಸ, ಒಂದು ಹೊತ್ತು ಅಂತ ಬರಿ. ಅದ್ರಿಂದ ಕ್ಯಾಮೆರಾ ಚಾಲೂ ಆಗ್ತದ."

ಭಾನುವಾರ ಸರ್ವಿಸ್ ಸೆಂಟರಿಗೆ ರಜೆ. ಸೋಮವಾರ ಮೊದಲ ಟೋಕನ್ ನನ್ನದಾಗಲಿ ಎಂದು ಒಂಬತ್ತೂವರೆಗೇ ಹೋಗಿ ನಿಂತೆ. ಸಿಕ್ಕಿದ್ದು ಹದಿನೇಳು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನೀರು ತಾಗಿದೆಯೇ? ಇಲ್ಲ ಎಂದು ಒತ್ತಿ ಗುರುತು ಹಾಕಿದೆ. ನನ್ನ ಹದಿನಾಲ್ಕು ಬಾಬಿನ ಪಟ್ಟಿಯ ಪ್ರತಿಯನ್ನೂ ಲಗತ್ತಿಸಿದೆ. ಕೌಂಟರಿನ ವ್ಯಕ್ತಿ ಆ ಹಾಳೆಯನ್ನು ಮಡಚಿ ತನ್ನ ಚಹಾ ಲೋಟದ ಕೆಳಗೆ ಇಟ್ಟುಕೊಂಡರು. ಎರಡು ತಾಸಿನ ನಂತರ ತೀರ್ಪು ಬಂತು. ಮದರ್‌ಬೋರ್ಡ್ ಬದಲಿಸಬೇಕು, ಹತ್ತು ದಿನ.

"ನನಗೆ ಬುಧವಾರದೊಳಗೆ ಬೇಕು."

"ಎಲ್ಲರಿಗೂ ಬುಧವಾರದೊಳಗೇ ಬೇಕಾಗಿರುತ್ತೆ, ಮ್ಯಾಡಂ."

ಫೋನ್ ವಾಪಸು ತಂದೆ. ಆ ಸಂಜೆಯ ಕರೆಯಲ್ಲಿ ಮೌಶಿ ಕಪ್ಪು ಗಾಜನ್ನು ಹತ್ತು ಸೆಕೆಂಡ್ ನೋಡಿ, ಏನೂ ಕೇಳದೆ ಕರೆ ಕತ್ತರಿಸಿದಳು. ಅವ್ವ ಗೋಡೆಗೆ ಆನಿಕೊಂಡೇ ಕೂತಿದ್ದಳು. ನಾಳೆ ರೈಲು ಎಷ್ಟಕ್ಕೆ ಎಂದು ಕೇಳಿದಳು. ಅವಳ ಮೊಣಕಾಲಿನ ಆಪರೇಷನ್ನಿನ ಹೊಲಿಗೆ ಬಿಚ್ಚಿ ಇನ್ನೂ ಎರಡು ವಾರ ಆಗಿರಲಿಲ್ಲ, ಮೆಟ್ಟಿಲು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ನಾಳೆ ಸರಿಯಾಗದಿದ್ದರೆ ನಾನೇ ರಾತ್ರಿ ಹೊರಟು ಧಾರವಾಡಕ್ಕೆ ಹೋಗುತ್ತೇನೆ ಎಂದೆ.

"ನೀ ಹೋಗಿ ಏನ್ ಹೇಳ್ತೀ? ನಿನಗ ಬರೂವು ಇನ್ನೂರು."

ಇನ್ನೂರ ಹದಿನೆಂಟು ಎನ್ನಬೇಕೆನಿಸಿತು.

ಮಂಗಳವಾರ ಅರ್ಧ ದಿನ ರಜೆ ಹಾಕಿದೆ. ಎದುರು ಮನೆ ಕಾಕು ಹೇಳಿದ ಒಂದು ಅಂಗಡಿ ಆಕುರ್ಡಿ ಸ್ಟೇಷನ್ ರಸ್ತೆಯಲ್ಲಿತ್ತು. ಹಿಟ್ಟಿನ ಗಿರಣಿಯ ಪಕ್ಕ, ಒಬ್ಬರೇ ಕೂಡುವಷ್ಟು ಜಾಗ. ಕೂತಿದ್ದವರು ಐವತ್ತರ ಆಸುಪಾಸಿನ ಹೆಂಗಸು, ಹಣೆಗೆ ಭೂತಗನ್ನಡಿಯ ಪಟ್ಟಿ. ನಾನು ಪಟ್ಟಿ ಓದಲು ಶುರು ಮಾಡಿದೆ. ನಾಲ್ಕನೇ ಬಾಬಿಗೆ ಅವರು ಕೈ ಎತ್ತಿ ನಿಲ್ಲಿಸಿ, ಫೋನನ್ನು ಬಿಸಿ ಹಾಸಿನ ಮೇಲಿಟ್ಟು, ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ದಸರ್‍ಯಾಲಾ ಪೂಜಾ ಕೇಲೀ ಕಾ?"

ಪೂಜೆ ಮಾಡಿದ್ದೆವು. ಖಂಡೇನವಮಿಗೆ ನಮ್ಮ ಮನೆಯಲ್ಲಿ ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ಈಳಿಗೆ, ಕತ್ತರಿ, ಸುತ್ತಿಗೆ, ಸ್ಕೂಟರಿನ ಕೀಲಿ. ನಿನ್ನ ಅನ್ನ ಇದರಿಂದಲೇ ಅಲ್ಲೇನು ಎಂದು ಅವ್ವ ಕೇಳಿದ್ದಕ್ಕೆ ಈ ವರ್ಷ ಫೋನನ್ನೂ ಸಾಲಿನಲ್ಲಿ ಇಟ್ಟಿದ್ದೆ. ಅವ್ವ ನೀರು ಪ್ರೋಕ್ಷಣೆ ಮಾಡಿ, ಕ್ಯಾಮೆರಾದ ಮೂರು ಕಣ್ಣಿಗೂ ಒಂದೊಂದು ಗಂಧದ ಬೊಟ್ಟಿಟ್ಟು, ಮೇಲೆ ಒದ್ದೆ ಚೆಂಡುಹೂ ಇರಿಸಿದ್ದಳು. ಪೂಜೆಗಿಟ್ಟದ್ದನ್ನು ದಶಮಿ ಬೆಳಗಿನ ತನಕ ಮುಟ್ಟುವಂತಿಲ್ಲ. ಹೀಗೆ ಆ ಹೂವಿನ ಕೆಳಗೆ ಫೋನು ಇಪ್ಪತ್ತೆರಡು ತಾಸು ಮಲಗಿತ್ತು. ಇದೆಲ್ಲ ನನ್ನ ವಹಿಯಲ್ಲೂ ಇತ್ತು, ಆದರೆ ಬೇರೆ ಪುಟದಲ್ಲಿ: ಫೋನ್ ಮುಟ್ಟದೆ ಇಪ್ಪತ್ತೆರಡು ತಾಸು, ಹೊಸ ದಾಖಲೆ. ಫೋನಿಗೆ ಏನೇನಾಯಿತು ಎಂದು ಬರೆಯುವಾಗ ಪೂಜೆ ನೆನಪಾಗಲೇ ಇಲ್ಲ. ಬೀಳುವುದು ಆಗುತ್ತದೆ, ಒದ್ದೆಯಾಗುವುದು ಆಗುತ್ತದೆ. ಪೂಜೆಯನ್ನು ನಾನು ಆ ಸಾಲಿಗೆ ಸೇರಿಸಿಯೇ ಇರಲಿಲ್ಲ.

"ನೀರು ತಾಗಿಲ್ಲ ಅಂತ ಬರೆದುಕೊಟ್ಟಿದ್ದೆ," ಎಂದೆ ನನ್ನ ಹರಕು ಮರಾಠಿಯಲ್ಲಿ.

"ಎಲ್ಲರೂ ಹಾಗೇ ಹೇಳುತ್ತಾರೆ. ತೀರ್ಥ ನೀರಲ್ಲವಲ್ಲ," ಎಂದರು ಅವರು, ಚಿಮುಟ ಹುಡುಕುತ್ತ. ಹಿಂದಿನ ವಾರದಿಂದ ಇದು ಐದನೆಯ ಫೋನಂತೆ.

ಹಿಂದಿನ ಮೂರು ಕ್ಯಾಮೆರಾಗಳಲ್ಲಿ ಒಂದರ ಗಾಜಿನ ಅಂಚಿನಿಂದ ಗಂಧದ ನೀರು ಇಳಿದು, ಅದರ ಕೊಂಡಿಗೆ ಹಳದಿ ಕಟ್ಟಿತ್ತು. ಸತ್ತದ್ದು ಅದೊಂದೇ. ಆದರೆ ಕ್ಯಾಮೆರಾ ಚಾಲೂ ಮಾಡುವಾಗ ಫೋನು ಎಲ್ಲವನ್ನೂ ಒಟ್ಟಿಗೆ ಕರೆಯುತ್ತದೆಯಂತೆ, ಒಂದು ಓ ಎನ್ನದಿದ್ದರೆ ಉಳಿದವನ್ನೂ ಎಬ್ಬಿಸುವುದಿಲ್ಲ. ಅವರು ಆ ಒಂದರ ಕೊಂಡಿ ಕಳಚಿ, ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಫೋನ್ ಹಚ್ಚಿದರು. ಗಾಜಿನಲ್ಲಿ ನನ್ನ ಮುಖ ಬಂತು. ಐದು ದಿನದ ಸಿಟ್ಟು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಎಲ್ಲ ಸೇರಿ ಮೂವತ್ತೈದು ನಿಮಿಷ.

ಮನೆಗೆ ಬಂದು ಹೇಳಿದರೆ ಅವ್ವ ನಂಬಲಿಲ್ಲ.

"ದೇವರ ಮುಂದ ಇಟ್ಟದ್ದು ಕೆಡತದೇನ?"

"ಕೆಟ್ಟಿತಲ್ಲವ್ವಾ. ಒಳಗ ಗಂಧ ಇತ್ತು, ನಾನ ನೋಡಿ ಬಂದೀನಿ."

"ಮತ್ತ ಅಷ್ಟ್ ವರ್ಷ ಈಳಗಿ ಕೆಟ್ಟಿಲ್ಲ, ಕತ್ತರಿ ಕೆಟ್ಟಿಲ್ಲ. ನೀವ ಅಂಥಾ ನಾಜೂಕಿನ ಸಾಮಾನು ತರ್ತೀರಿ."

ಏಳಕ್ಕೆ ಎರಡು ನಿಮಿಷ ಇದ್ದಾಗಲೇ ಅವ್ವ ಕೂತಳು. ಮೌಶಿ ಕರೆ ಎತ್ತಿದಳು, ನಮ್ಮನ್ನು ನೋಡಿದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಸಮಯ ಹಾಳು ಮಾಡಲಿಲ್ಲ. ನೀನು, ಬೆಳಗಾವಿ, ಹೋಗು, ನಾನು ಒಪ್ಪಿದ್ದೇನೆ. ಎದೆಯ ಮೇಲೆ ಕೈಯಿಟ್ಟು ಮೂರು ಸಲ ಹೇಳಿದಳು.

ಮೌಶಿ ತಲೆಯಾಡಿಸಿ, ಅಂಗೈಯಿಂದ ಕುಂದಾ ತೆಗೆದು ನೆಕ್ಕಿದಳು. ಆಮೇಲೆ ಬಸ್ಸಿನ ಸ್ಟೇರಿಂಗ್ ತಿರುವಿದಳು. ಆಮೇಲೆ ಹೆಗಲ ಹಿಂದಕ್ಕೆ ಕೈ ಬೀಸಿದಳು. ಆಗಿಹೋಯಿತು. ಸೋಮವಾರ ಬೆಳಿಗ್ಗೆ ನೂಲು ತರುತ್ತೇನೆಂದು ಮನೆ ಬಿಟ್ಟು, ಒಬ್ಬಳೇ ಬಸ್ಸು ಹತ್ತಿ, ಶಾಲೆಗೆ ಹೋಗಿ ಕಾಗದದ ಮೇಲೆ ತನ್ನ ಹೆಸರು ಬರೆದು ಬಂದಿದ್ದಳು. ದೀಪಾವಳಿ ಆದ ಮೇಲೆ ಹೊರಡುವುದು.

ಅವ್ವನ ಕೈಗಳು ಗಾಳಿಯಲ್ಲೇ ನಿಂತವು. ನಾನು ಬ್ಯಾಡ ಎಂದೆನೆಂದು ಇವನು ಹೇಳಿದ್ದನಲ್ಲ, ಎಂದು ಮೀಸೆ ತಿರುವಿ ಕೇಳಿದಳು. ನೀನು ಅದನ್ನು ನಂಬಿದೆಯಾ?

ನಂಬಿದೆ, ಎಂದಳು ಮೌಶಿ. ಸ್ವಲ್ಪವೂ ತಡವರಿಸಲಿಲ್ಲ. ನಾಲ್ಕು ಸಂಜೆ ಕೇಳಿದೆ. ಕಪ್ಪು. ಮೀಸೆ ಬ್ಯಾಡ ಅಂದಿತು, ಮೂಗುತಿಯೂ ಬ್ಯಾಡ ಅಂದಿತು. ಒಂದು ರಾತ್ರಿ ಅತ್ತೆ. ಆಮೇಲೆ ಬಸ್ಸು.

ಹಿಂದಿನಿಂದ ಮಾಮಾನ ಧ್ವನಿ ಬಂತು. "ಅಕ್ಕಾ, ನನಗೂ ಹೇಳಿಲ್ಲ ಖರೇ. ಶಾಲಿಯಾವ್ರು ಫೋನ್ ಮಾಡಿದ ಮ್ಯಾಲ ಗೊತ್ತಾತು."

"ನೀ ಸುಮ್ಮ ಕೂಡು," ಎಂದಳು ಅವ್ವ, ಕಣ್ಣು ತಂಗಿಯ ಮೇಲಿಂದ ತೆಗೆಯದೆ. ಅಕ್ಕ ಬ್ಯಾಡ ಅಂದರೂ ಹೋಗುವವಳಾದರೆ ಅಕ್ಕನನ್ನು ಕೇಳಿದ್ದೇಕೆ, ಒಬ್ಬಳೇ ಹೋದೆಯಲ್ಲ, ದಾರಿಯಲ್ಲಿ ಏನಾದರೂ ಆಗಿದ್ದರೆ, ಹೀಗೆ ಅವ್ವನ ಕೈಗಳು ಬೈಯತೊಡಗಿದವು. ನನಗೆ ಬರದ ಸನ್ನೆಗಳೂ ಬಹಳ ಇದ್ದವು.

ಚಿಕ್ಕಂದಿನಿಂದಲೂ ಬೈಗುಳ ಬೇಡವಾದಾಗ ಮೌಶಿ ಮಾಡುವುದು ಒಂದೇ. ಈಗಲೂ ಅದನ್ನೇ ಮಾಡಿದಳು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ನಗುತ್ತ ಕೂತಳು. ಅವ್ವ ಬೈಗುಳವನ್ನು ಅರ್ಧಕ್ಕೆ ಹಿಡಿದುಕೊಂಡು, ಕೈ ಎತ್ತಿಕೊಂಡೇ, ಅವಳು ಕಣ್ಣು ತೆರೆಯಲಿ ಎಂದು ಕಾದಳು.