ಉದ್ದ ಗಿಟಾರಿಗೆ ಕಟ್ಟಿದ ಪೆನ್ಸಿಲ್

ಪೆನ್ಸಿಲ್ಲಿನಿಂದ ಏನೇನು ಮಾಡಬಹುದು? ಬರೆಯಬಹುದು, ಬೆನ್ನು ಕೆರೆದುಕೊಳ್ಳಬಹುದು. ಒಬ್ಬ ಹುಡುಗಿಯ ಬಾಯಿ ಮುಚ್ಚಿಸಲೂಬಹುದು ಎಂಬುದನ್ನು ಹೋದ ತಿಂಗಳು ಹೊಸನಗರದ ಮದುವೆಯೊಂದರಲ್ಲಿ ಕಣ್ಣಾರೆ ಕಂಡೆ.

ಹುಡುಗಿ ಬೇರೆ ಯಾರೂ ಅಲ್ಲ, ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು ವನಜ. ಅವಳದು ದಪ್ಪ ದನಿ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರು ಅವಳನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ಸುಮ್ನೆ ತುಟಿ ಆಡ್ಸು, ಸಾಕು" ಅಂದಿದ್ದರಂತೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ತುಟಿ ಆಡಿಸಿದಳು. ಹೆಂಗಸರು ಹಾರ್ಮೋನಿಯಂನ ಕರಿ ಐದರ ಶ್ರುತಿಗೆ ಏರಿಯೇ ಹಾಡಬೇಕು, ಗಂಡಸರು ಹಾಡುವ ಕರಿ ಎರಡರ ಶ್ರುತಿಗೆ ಇಳಿಯಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನಾನು ಕಾಣೆ.

ನಮ್ಮ ಸಾಗರದಲ್ಲಿ ಶೇಷಗಿರಿ ಎಂಬ ರೇಡಿಯೋ ರಿಪೇರಿಯವನಿದ್ದಾನೆ. ಮದುವೆಗಳಿಗೆ ಆರ್ಕೆಸ್ಟ್ರಾ ಕೂಡ ನಡೆಸುತ್ತಾನೆ. ಹಡಗಿನಲ್ಲಿ ಕೆಲಸ ಮಾಡುವ ಅವನ ತಮ್ಮ ಈಚೆಗೆ ಒಂದು ಎಲೆಕ್ಟ್ರಿಕ್ ಗಿಟಾರ್ ತಂದುಕೊಟ್ಟ. ಸಿನಿಮಾ ಪತ್ರಿಕೆಗಳ ಫೋಟೋದಲ್ಲಿ ಕಾಣುತ್ತದಲ್ಲ, ಎರಡು ಕೊಂಬಿನದು, ಅದೇ ಆಕಾರ, ಅದೇ ಮಿಂಚು. ಕತ್ತು ಮಾತ್ರ ಸಾದಾ ಗಿಟಾರಿಗಿಂತ ನಾಲ್ಕು ಬೆರಳು ಉದ್ದ, ತಂತಿ ದಪ್ಪ.

ನಾಲ್ಕು ಬೆರಳಿಗೆ ಏನು ಮಹಾ ಅಂತೀರಾ? ನಾನೂ ಹಾಗೇ ಅಂದಿದ್ದೆ. ಶೇಷಗಿರಿ ತನ್ನ ಹಳೆಯ ಗಿಟಾರ್ ತೆಗೆದುಕೊಂಡು ತಂತಿ ಸಡಿಲಿಸುತ್ತಾ ಹೋದ. ದನಿ ಇಳಿಯಿತು, ಜೊತೆಗೆ ತಂತಿ ಬಟ್ಟೆ ಹರವುವ ಹಗ್ಗದ ಹಾಗೆ ಜೋತುಬಿದ್ದು ಬಡಬಡ ಅಂದಿತು. ಆಮೇಲೆ ಹೊಸದನ್ನು ಮೀಟಿದ. ಅಷ್ಟೇ ಕೆಳಗಿನ ಸ್ವರ, ಆದರೆ ತಂತಿ ಬಿಗಿಯಾಗಿ ನಿಂತಿತ್ತು. ಅಂಗಡಿಯ ಕಪಾಟಿನ ಗಾಜು ಸಣ್ಣಗೆ ನಡುಗಿತು. ಸುಳ್ಳು ಯಾಕೆ ಹೇಳಲಿ, ನನ್ನ ಎದೆಯೂ ನಡುಗಿತು.

"ಉದ್ದ ಇದ್ರೆ ತಾನೇ ಸಾರ್ ಬುಡದ ದನಿ ಬರೋದು? ಸಾದಾ ಗಿಟಾರಿಗೆ ಇಷ್ಟು ಕೆಳಗೆ ಹೋಗಕ್ಕೆ ಎಲ್ಲಿ ಆಗ್ತದೆ" ಅಂದ.

ಕಾಲೇಜಿನ ರಜೆಗೆಂದು ನಮ್ಮ ಮನೆಗೆ ಬಂದಿದ್ದ ವನಜ ಅವತ್ತು ನನ್ನ ಪಕ್ಕದಲ್ಲೇ ಇದ್ದಳು. ಯಾರೂ ಕೇಳದೆಯೇ ಆ ಸ್ವರ ಹಿಡಿದು ಹಾಡತೊಡಗಿದಳು. ಶೇಷಗಿರಿ ಬಾರಿಸುವುದನ್ನು ನಿಲ್ಲಿಸಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಅಷ್ಟು ವರ್ಷಕ್ಕೆ ಅವಳ ದನಿಗೆ ಒಬ್ಬ ಜೊತೆಗಾರ ಸಿಕ್ಕಿದ್ದ.

"ಮಾವ, ನಾನು ಇದ್ರ ಜೊತೆ ಹಾಡ್ಬೌದಾ?" ಎಂದು ಕೇಳಿದಳು. ಆ ಮುಖ ನೋಡಿದ್ದರೆ ನೀವೂ ಹೂಂ ಅನ್ನುತ್ತಿದ್ದಿರಿ.

ಅವಳ ಅಪ್ಪನನ್ನು, ಅಂದರೆ ನಮ್ಮ ಭಾವನನ್ನು, ಒಪ್ಪಿಸುವಷ್ಟರಲ್ಲಿ ನಾನು ಹಣ್ಣಾದೆ. "ಒಂದು ಸಲ ಹಾಡ್ಲಿ. ಜನ ಒಪ್ಪಿದ್ರೆ ಮುಂದೆ ನೋಡನ. ನಗೆಪಾಟಲಾದ್ರೆ ಅಲ್ಲಿಗೆ ಮುಗೀತು" ಎಂದು ಷರತ್ತು ಹಾಕಿದರು.

ಆ ಒಂದು ಸಲವೇ ಹೊಸನಗರದ ಮದುವೆ. ಸಂಜೆ ರಿಸೆಪ್ಷನ್. ಅವತ್ತು ಕರೆಂಟು ಇತ್ತು. (ಜೋಗದ ಮಗ್ಗುಲಲ್ಲೇ ಇದ್ದರೂ ನಮ್ಮ ಕಡೆ ಕರೆಂಟು ನೆಂಟರ ಹಾಗೆ, ಬಂದರೆ ಬಂತು.) ಉದ್ದ ಗಿಟಾರ್ ನೋಡಲು ಜನ ಊಟದ ಪಂಕ್ತಿ ಬಿಟ್ಟು ಬಂದರು. ಒಬ್ಬರು ಗೇಣು ಹಾಕಿ ಅಳೆದರು. ಮದುಮಗ ಅದನ್ನು ಹಿಡಿದು ಫೋಟೋ ತೆಗೆಸಿಕೊಂಡ. ಎಲ್ಲರಿಗೂ ಹೆಮ್ಮೆಯೋ ಹೆಮ್ಮೆ.

ಶೇಷಗಿರಿ ಅದನ್ನು ಒಮ್ಮೆ ಮೀಟಿದ್ದೇ ತಡ, ಮದುಮಗನ ದೊಡ್ಡಪ್ಪ ಎದ್ದು ಬಂದರು.

"ಎಂತ ಮಾರಾಯ ಇದು, ಗೊರಗೊರ ಅಂತದೆ? ಮದುವೆ ಮನೇಲಿ ಇಂಥ ದನಿ ಬ್ಯಾಡ. ರೇಡಿಯೋದಲ್ಲಿ ಬಂದ ಹಂಗೆ ಬರ್ಲಿ."

"ಈ ಗಿಟಾರ್ ಇರೋದೇ ಹಂಗೆ, ಗೌಡ್ರೇ."

"ಹಂಗಾರೆ ಸರಿ ಮಾಡು."

ಶೇಷಗಿರಿ ಸರಿ ಮಾಡಿದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಗಿಟಾರಿನ ಕತ್ತಿನಲ್ಲಿ ಐದನೇ ಮೆಟ್ಟಿಗೆ ಅಡ್ಡಲಾಗಿ ಇಟ್ಟು, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದ. ತಂತಿ ಅಲ್ಲಿಗೆ ಗಿಡ್ಡವಾಯಿತು, ದನಿ ಮೇಲೇರಿತು. ಕಡಲು ದಾಟಿ ಬಂದ ಗಿಟಾರ್ ಒಂದೇ ಗಳಿಗೆಯಲ್ಲಿ ಎಲ್ಲರ ಗಿಟಾರಿನಂತಾಯಿತು. "ಈಗ ಸರಿಯಾತು ನೋಡು" ಎಂದು ದೊಡ್ಡಪ್ಪ ಹೋಗಿ ಕೂತರು.

ವನಜ ಬಗ್ಗಿ ಪಿಸುಗುಟ್ಟಿದಳು. "ಶೇಷಗಿರಿಯಣ್ಣ, ಆ ಪೆನ್ಸಿಲ್ ತೆಗೀರಿ. ನಂಗೆ ಅಷ್ಟು ಮೇಲೆ ಹೋಗಕ್ಕಾಗಲ್ಲ."

"ಇವತ್ತೊಂದಿನ ಎತ್ತಿ ಹಾಡ್ಬಿಡಮ್ಮ. ಅವ್ರು ಹೇಳಿದ್ದು ಕೇಳಿದ್ಯಲ್ಲ?"

ಪಲ್ಲವಿಯನ್ನು ಹೇಗೋ ಎಳೆದಳು. ಚರಣಕ್ಕೆ ಏರುವಾಗ ದನಿ ಒಡೆಯಿತು. ಮೈಕು ಅದನ್ನು ಬೀದಿಯ ಕೊನೆಯವರೆಗೂ ಕೇಳಿಸಿತು. ಹೆಂಗಸರ ಸಾಲಿನಲ್ಲಿ ಕಿಸಕ್ಕೆಂದರು. ಗಂಡಸರು ಅಷ್ಟು ಮುಚ್ಚುಮರೆಯೂ ಇಲ್ಲದೆ ನಕ್ಕರು. ಭಾವ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದರು.

ನಮಗೆ ದೊಡ್ಡ ಓದು ಓದಿದ ಸೊಸೆ ಬೇಕು, ಅವಳು ಬಾಯಿ ತೆರೆಯುವುದು ಬೇಡ. ಪಟ್ಟಣದಲ್ಲಿ ಕಲಿತ ಡಾಕ್ಟರ್ ಬೇಕು, ಅವರು ಹೇಳುವ ಪಥ್ಯ ಬೇಡ. ಒಂದು ವಸ್ತು ಯಾವುದಕ್ಕೆಂದು ಹುಟ್ಟಿತೋ ಅದೊಂದನ್ನು ಕಟ್ಟಿಹಾಕಿ, ಮಿಕ್ಕಿದ್ದನ್ನು ಮೆರವಣಿಗೆ ಮಾಡುತ್ತೇವೆ. ಇದಕ್ಕೆ ಮದುವೆ ಮನೆಯ ಶೋಭೆ ಎಂದು ಹೆಸರು. ನನಗಂತೂ ಇದನ್ನು ನೆನೆದರೆ ಮೈ ಉರಿಯುತ್ತದೆ.

ಮೊನ್ನೆ ಶೇಷಗಿರಿಯ ಅಂಗಡಿಗೆ ಹೋಗಿದ್ದೆ. ಗಿಟಾರ್ ಗಾಜಿನ ಕಪಾಟಿನಲ್ಲಿ ನಿಂತಿತ್ತು. ಪೆನ್ಸಿಲ್ ಹಾಗೇ ಇತ್ತು.

"ಅದನ್ನ ತೆಗೆಯೋದಿಲ್ವೇನಯ್ಯ?" ಎಂದೆ.

"ತೆಗೆದು ಎಂತ ಮಾಡ್ಲಿ ಸಾರ್? ಅದು ಕಟ್ಟಿದ ಮೇಲೆ ಒಬ್ರೂ ತಕರಾರು ತೆಗೆದಿಲ್ಲ." ಹಾಗೆನ್ನುವಾಗ ಅವನು ನನ್ನ ಮುಖ ನೋಡಲಿಲ್ಲ.

ಈ ವಾರ ಅಕ್ಕ ಬಂದಿದ್ದಳು. ವನಜಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಪದ್ಧತಿಯಂತೆ "ಒಂದು ಹಾಡು ಹೇಳಮ್ಮ" ಅಂದರಂತೆ. "ಹಾಡು ಬರಲ್ಲ" ಎಂದು ಇವಳು ತಲೆ ತಗ್ಗಿಸಿ ಕೂತಳಂತೆ. ಸದ್ದುಗದ್ದಲವಿಲ್ಲದ ಹುಡುಗಿ ಎಂದು ಅವರಿಗೆ ಬಹಳ ಹಿಡಿಸಿ, ಅಲ್ಲೇ ಒಪ್ಪಿಕೊಂಡರಂತೆ. ಅಕ್ಕನಿಗೆ ಖುಷಿ.

ಮದುವೆಗೆ ಶೇಷಗಿರಿಯ ಆರ್ಕೆಸ್ಟ್ರಾವೇ ಬೇಕಂತೆ. ಗಂಡಿನ ಕಡೆಯವರಿಗೆ ಆ ಉದ್ದ ಗಿಟಾರನ್ನು ಒಮ್ಮೆ ನೋಡಬೇಕಂತೆ.

ನೋಡಲಿ ಬಿಡಿ, ಗಿಟಾರನ್ನೂ ಹುಡುಗಿಯನ್ನೂ ನಾವು ತಂದಿಟ್ಟುಕೊಳ್ಳುವುದು ನೋಡುವುದಕ್ಕೇ ತಾನೇ?