ಒಬ್ಬ ಮುತ್ತಜ್ಜ ಹೆಚ್ಚಾದ

ಮಸಾಕಾ ಕಡೆಯ ಜೆಬುಲೋನಿ ಸೆಕಬೆಂಬೆಯ ಪಿಟೀಲಿಗೆ ಇದ್ದದ್ದು ಒಂದೇ ತಂತಿ, ಅದೂ ಕತ್ತಾಳೆ ನಾರಿನದು. ಬುರುಡೆಗೆ ಉಡದ ಚರ್ಮ. ಅವನಿಗಿಂತ ಚೆನ್ನಾಗಿ ನುಡಿಸುವವರು ಆ ಸೀಮೆಯಲ್ಲಿ ನಾಲ್ಕು ಮಂದಿಯಾದರೂ ಇದ್ದರು. ಕಂಠವಂತೂ ಬಾಳೆಹಣ್ಣಿನ ಹೆಂಡ ಕುಡಿದ ಹೋತದ್ದು ಎಂದು ಹೆಂಡತಿ ಮೆರೆಸಿಯೇ ಹೇಳುತ್ತಿದ್ದಳು. ಅವನನ್ನು ಮೇಲೆತ್ತಿದ್ದು ನೆನಪು. ಪಿಟೀಲಿನವನೇ ಆಗಿದ್ದ ಅವನಪ್ಪ ಐವತ್ತು ವರ್ಷ ಮದುವೆ, ತಿಥಿ ಎಂದು ಸುತ್ತಿ, ಯಾರು ಯಾರಿಗೆ ಹುಟ್ಟಿದರು ಎಂಬುದನ್ನೆಲ್ಲ ಮಗನ ತಲೆಗೆ ತುಂಬಿ ಕಣ್ಣು ಮುಚ್ಚಿದ್ದ.

ಗಂಡಿನವರು ಉಡುಗೊರೆ ಹೊತ್ತು ಹೆಣ್ಣಿನ ಮನೆಗೆ ಬಂದು ತಮ್ಮ ಪರಿಚಯ ಹೇಳಿಕೊಳ್ಳುವ ದಿನ ಜೆಬುಲೋನಿ ಎದ್ದು ನಿಂತನೆಂದರೆ ಮೊದಲು ಗಂಡಿನ ಅಪ್ಪನ ಹೆಸರು, ಆಮೇಲೆ ಅಜ್ಜ, ಆಮೇಲೆ ಮುತ್ತಜ್ಜ. ಒಂದೊಂದು ಹೆಸರಿಗೂ ಬಿಳಿ ನಿಲುವಂಗಿಯ ಮುದುಕನೊಬ್ಬ ಕುಣಿಯುತ್ತ ಬಂದು ಅವನ ಜೇಬಿಗೆ ನೋಟು ತುರುಕುತ್ತಿದ್ದ. ಸತ್ತವರಿಗೇನೂ ಕೊರತೆ ಇರಲಿಲ್ಲವಾದ್ದರಿಂದ ಜೆಬುಲೋನಿಗೆ ನಿಲ್ಲಿಸುವ ಅಭ್ಯಾಸವೇ ತಪ್ಪಿಹೋಯಿತು. ರೇಡಿಯೋದವರು ಕರೆದರು. ಬೈಕು ಬಂತು. ಶನಿವಾರ ಬೇಕೆಂದರೆ ಆರು ತಿಂಗಳು ಮೊದಲೇ ಹೇಳಬೇಕಿತ್ತು. ಸೆಕೆಯಲ್ಲೂ ಉಣ್ಣೆಯ ಕೋಟು ಹಾಕಿಕೊಂಡು ಬೆವರುವಷ್ಟು ದೊಡ್ಡ ಮನುಷ್ಯನಾದ.

ಹಾಗಿರುವಾಗ ಡೊಲೊಕಾಸಿ ಎಂಬ ಹುಡುಗಿಯ ಮನೆಯಲ್ಲಿ ಗಂಡಿನ ಪರವಾಗಿ ಹಾಡಲು ಹೋದ. ಹುಡುಗಿಯವರದು ಮಿಡತೆ ಬೆಡಗು, ಮಿಡತೆಯೇ ಅವರ ಕುಲದ ಗುರುತು. ಊರೆಲ್ಲ ಹುರಿದ ಮಿಡತೆ ಮುಕ್ಕುವಾಗಲೂ ಅವರು ಒಂದನ್ನೂ ಬಾಯಿಗಿಡುವವರಲ್ಲ. ಗಂಡು ಟೋಫಿರಿಯದು ನೀರುನಾಯಿ ಬೆಡಗು. ಒಂದೇ ಬೆಡಗಾದರೆ ಅಣ್ಣತಂಗಿ, ಮದುವೆ ಇಲ್ಲ. ಬೇರೆ ಬೇರೆ ಆದ್ದರಿಂದ ಎಲ್ಲ ಸರಿಯಾಗಿತ್ತು. ಹೆಣ್ಣಿನ ಅಣ್ಣನಿಗೆ ಕೊಡಬೇಕಾದ ಹುಂಜವೂ ರಿಬ್ಬನ್ನು ಕಟ್ಟಿಸಿಕೊಂಡು ಕೂತಿತ್ತು.

ಅಪ್ಪನ ಹೆಸರಿಗೆ ನೋಟು ಬಂತು. ಅಜ್ಜನ ಹೆಸರಿಗೂ ಬಂತು. ಜೆಬುಲೋನಿ ಕಣ್ಣು ಮುಚ್ಚಿ ಮುತ್ತಜ್ಜನಿಗೆ ಕೈಹಾಕಿದ: "ಮಿಡತೆಯವರ ಮನೆಯ ತಬ್ಬಲಿ ಕಂದ, ನೀರುನಾಯಿಯವರ ಅನ್ನ ಉಂಡು ಬೆಳೆದ..."

ಡೋಲು ನಿಂತಿತು. ನೋಟು ಬರಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಹುಡುಗಿಯ ಸೋದರತ್ತೆ.

"ಏನಂದೆ? ಯಾರ ಮನೆಯವನು?"

"ಹಾಡಿನಲ್ಲಿ ಹಾಗೆ ಬರುತ್ತೆ ಅಮ್ಮಾ, ಪ್ರಾಸಕ್ಕೆ..."

"ಪ್ರಾಸಕ್ಕೆ ನಿನ್ನ ತಲೆ! ನಮ್ಮ ಹುಡುಗೀನ ಅವಳ ಅಣ್ಣನಿಗೇ ಕೊಡ್ತಿದ್ವಲ್ಲಾ!"

ಟೋಫಿರಿಯ ಅಜ್ಜಿ ತಲೆ ತಗ್ಗಿಸಿ ಕೂತದ್ದೇ ಸಾಕ್ಷಿಯಾಯಿತು. ಹುಂಜ ಬಂದ ದಾರಿಯಲ್ಲೇ ಹಿಂದಿರುಗಿತು. ಡೊಲೊಕಾಸಿ ಅತ್ತಳು, ಟೋಫಿರಿ ಕಂಪಾಲಾಕ್ಕೆ ಹೋದ. ತಪ್ಪು ತಬ್ಬಲಿಯನ್ನು ಸಾಕಿ ಬಾಯಿ ಮುಚ್ಚಿಕೊಂಡವರದು. ಆದರೆ ಶಿಕ್ಷೆಯಾದದ್ದು ಬಾಯಿ ತೆರೆದವನಿಗೆ. ಯಾರ ಮನೆಯಲ್ಲಿ ಯಾವ ಅಜ್ಜ ಎಲ್ಲಿಂದ ಬಂದನೋ ಯಾರಿಗೆ ಗೊತ್ತು? ಜನ ಡೀಜೆಗಳನ್ನು ಕರೆಯತೊಡಗಿದರು. ಅವರ ಪೆಟ್ಟಿಗೆಗಳಿಗೆ ಯಾರ ಅಪ್ಪನ ಹೆಸರೂ ಗೊತ್ತಿರಲಿಲ್ಲ. ರೇಡಿಯೋದವರು ಕರೆಯುವುದನ್ನು ಬಿಟ್ಟರು. ಬೈಕು ಹೋಯಿತು. ಕೋಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತು.

"ಸತ್ತೋರನ್ನೆಲ್ಲ ಎಬ್ಬಿಸ್ತಿದ್ದೆ," ಎಂದಳು ಮೆರೆಸಿ. "ಈಗ ನೋಡು, ಬದುಕಿರೋರೂ ಬರಲ್ಲ."

ಮೂರು ವರ್ಷವಾದ ಮೇಲೆ ಒಬ್ಬಳು ಬಂದಳು. ಡೊಲೊಕಾಸಿ. ಹಿಂದೆ ಯೆರೆಮಿಯ ಎಂಬ ಉದ್ದನೆಯ ಹುಡುಗ. ಜೆಬುಲೋನಿ ಹಿತ್ತಿಲ ಬಾಗಿಲ ಕಡೆಗೆ ನೋಡಿದ.

"ಓಡಬೇಡ ಅಜ್ಜಾ. ಹೊಡೆಯೋಕೆ ಬಂದಿಲ್ಲ. ಇವನನ್ನ ಹಾಡು."

"ಏನು?"

"ಇವನ ಅಪ್ಪ, ಅಜ್ಜ, ಎಲ್ಲಾರನ್ನೂ. ಇನ್ನೊಂದು ಸಲ ಜನರ ಮುಂದೆ ಅಳೋಕೆ ನನ್ನ ಕೈಲಾಗಲ್ಲ. ಅಳೋದಿದ್ರೆ ಇಲ್ಲೇ ಅಳ್ತೀನಿ."

ಹಲಸಿನ ಮರದ ಕೆಳಗೆ ಮೆರೆಸಿ ಚಾಪೆ ಹಾಸಿದಳು. ನಾರು ಸಡಿಲವಾಗಿತ್ತು, ಕಮಾನು ಕಿರುಗುಟ್ಟಿತು. ಅಪ್ಪ, ಮಂಗನ ಬೆಡಗು. ಅಜ್ಜ, ಮಂಗ. ಮುತ್ತಜ್ಜ, ಮಂಗ. ಡೊಲೊಕಾಸಿ ಉಸಿರು ಬಿಟ್ಟಳು. ಜೆಬುಲೋನಿ ಮಾತ್ರ ನಿಲ್ಲಿಸಲಿಲ್ಲ: ಮುತ್ತಜ್ಜನ ಅಪ್ಪನೂ ಮಂಗನೇ, ಆದರೆ ಆಡುಗಳ್ಳ, ಮಿಡತೆಯವರ ಹಟ್ಟಿಯಿಂದಲೇ ಏಳು ಆಡು ಹೊಡೆದು ಕಿವಿ ಕತ್ತರಿಸಿಕೊಂಡವನು.

ಯೆರೆಮಿಯ ಸುಮ್ಮನೆ ತನ್ನ ಕಿವಿ ಮುಟ್ಟಿಕೊಂಡ.

"ಬೆಡಗು ಬೇರೆ ತಾನೇ?" ಎಂದಳು ಡೊಲೊಕಾಸಿ.

"ಬೇರೆ."

"ಹಾಗಾದ್ರೆ ಆಡು ಕದ್ದರೆ ಕದೀಲಿ. ಬರೋ ಶನಿವಾರ ನೀನೇ ಹಾಡ್ಬೇಕು. ನೀನು ಹಾಡಿದ್ರೇನೇ ಎಲ್ಲ ಸರಿ ಇದೆ ಅಂತ ಅತ್ತೆ ನಂಬೋದು. ಆದ್ರೆ ಮೂರೇ ತಲೆಮಾರು."

"ನಾಲ್ಕು?"

"ಅಜ್ಜಾ!"

ಶನಿವಾರ ಮೊಟ್ಟೆಯ ಕಲೆಯ ಕೋಟು ಹಾಕಿಕೊಂಡು ಹೋದ. ಅತ್ತೆ ಮುಂದಿನ ಸಾಲಿನಲ್ಲೇ, ತಿಂದುಬಿಡುವ ಹಾಗೆ ಕೂತಿದ್ದಳು. ಅಪ್ಪ, ಅಜ್ಜ, ಮುತ್ತಜ್ಜ; ಮೂರು ಮಂಗಗಳಿಗೂ ನೋಟು ಬಂತು. ಅತ್ತೆಯ ಮುಖ ಸಡಿಲವಾಯಿತು. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಚಪ್ಪರದ ತುಂಬ ಜನ "ಮುಂದೆ! ಮುಂದೆ!" ಎಂದು ಕೂಗತೊಡಗಿದರು. ಮೂರು ವರ್ಷದಿಂದ ಕೇಳದ ಕೂಗು. ನಾಲ್ಕನೆಯವನು ನಾಲಿಗೆಯ ತುದಿಗೆ ಬಂದು ನಿಂತ, ಕಿವಿಯಿಲ್ಲದೆ, ಏಳು ಆಡುಗಳ ಸಮೇತ. ಚಾಪೆಯ ಮೇಲೆ ಮಂಡಿಯೂರಿದ್ದ ಡೊಲೊಕಾಸಿ ತಲೆಯೆತ್ತಿ ಅವನನ್ನೇ ನೋಡಿದಳು.

ಜೆಬುಲೋನಿ ಕಮಾನನ್ನು ತಂತಿಯ ಮೇಲೆ ಎರಡು ಸಲ ಆಡಿಸಿದ.

"ಅವನಪ್ಪನೂ ಒಳ್ಳೆಯವನೇ," ಎಂದು ಎಳೆದು ಹಾಡಿದ. "ಆಡುಗಳೆಂದರೆ ಅವನಿಗೆ ಪ್ರಾಣ."

ಮುದುಕನೊಬ್ಬ ಕುಣಿಯುತ್ತ ಬಂದು ಜೇಬಿಗೆ ನೋಟು ತುರುಕಿದ. ಜೆಬುಲೋನಿ ಕಮಾನು ಕೆಳಗಿಟ್ಟು, ಇನ್ನೇನಾದರೂ ಹೊರಬರುವ ಮೊದಲೇ, ಬಾಯಿ ತುಂಬ ಬೇಯಿಸಿದ ಬಾಳೆಕಾಯಿ ತುಂಬಿಕೊಂಡ.