ಮಸಿ ಸುಡುವ ಭಾನುವಾರ

ಮಾವನವರ ಕಾರು ನಮ್ಮ ಗೇಟಿನ ಮುಂದೆ ಬಂದು ನಿಂತರೆ ಮೊದಲು ತಿಳಿಯುವುದು ಮೂಗಿಗೆ. ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನು ಭೋರೆನ್ನುತ್ತಿರುತ್ತದೆ. ಕಾರಿನ ಅಡಿಯಿಂದ, ಒಲೆಯ ಮೇಲೆ ಮರೆತುಬಂದ ಬಾಣಲೆಯಂಥ ವಾಸನೆ. ಹಾಸನದ ನಮ್ಮ ಬೀದಿಯವರು ಮೊದಮೊದಲು ಗಾಬರಿಯಾಗಿ ಇಣುಕುತ್ತಿದ್ದರು. ಈಗ ‘ನಿಮ್ಮ ಮಾವ ಬಂದ್ರು’ ಎಂದು ಒಳಗೆ ಹೋಗುತ್ತಾರೆ. ನಾನು ಮಾತ್ರ ಆ ವಾಸನೆ ಬಡಿದರೆ ಇವತ್ತಿಗೂ ಗೇಟಿಗೆ ಓಡಿ, ಮುಂದಿನ ಸೀಟಿನಲ್ಲಿ ಅತ್ತೆ ಇದ್ದಾರೆಯೇ ಎಂದು ನೋಡುತ್ತೇನೆ.

ಈ ಭಾನುವಾರವೂ ಬಂದರು, ಜೊತೆಗೆ ಅತ್ತೆ. ನಾನು ತಯಾರಾಗಿಯೇ ಕೂತಿದ್ದೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನಿಗೆ ಲೆಕ್ಕ ಹಾಕುವ ಚಟ ಎಷ್ಟಿರುತ್ತದೆ ಎಂದು ನನ್ನ ಹೆಂಡತಿಯನ್ನು ಕೇಳಿ. ಕೊತ್ತಂಬರಿ ಕಟ್ಟಿಗೂ ನಾನು ಲಾಭನಷ್ಟ ನೋಡುತ್ತೇನಂತೆ. ಆದರೆ ಈ ಲೆಕ್ಕ ನಿಮಗೂ ಒಪ್ಪಿಗೆಯಾದೀತು. ಡೀಸೆಲ್ ಕಾರು ಕೊಳ್ಳುವಾಗಲೇ ದುಬಾರಿ, ಸರ್ವಿಸ್ಸೂ ದುಬಾರಿ. ಮೈಲೇಜಿನಲ್ಲಿ ಅದನ್ನು ವಾಪಸ್ ಪಡೆಯಬೇಕಾದರೆ ದಿನವಿಡೀ ಓಡಿಸಬೇಕು. ಮನೆಯಿಂದ ಡೈರಿಗೆ ಹಾಲು ಹಾಕಿ ಬರುವವರಿಗೆ ಪೆಟ್ರೋಲ್ ಕಾರೇ ಸರಿ. ಅದನ್ನು ಇವತ್ತು ಹೇಳಿಯೇಬಿಡಬೇಕು, ಡೀಸೆಲ್ ಕಾರು ಮಾರಿಸಿಯೇಬಿಡಬೇಕು ಎಂದುಕೊಂಡಿದ್ದೆ.

ಮಾವನವರದು ದಂಡಿಗನಹಳ್ಳಿಯ ಕಡೆ ಒಂದು ಊರು. ಟ್ರ್ಯಾಕ್ಟರ್ ಓಡಿಸಿ ಬೆಳೆದ ಕೈ. ಕಾರು ಕೊಳ್ಳುವಾಗಲೂ ನಾನು ಬಾಯಿ ಹಾಕಿದ್ದೆ. "ಪೆಟ್ರೋಲ್ ಏನಿದ್ರೂ ಸ್ಕೂಟ್ರಿಗೆ, ಅಳಿಯಂದ್ರೇ. ಭೂಮಿ ಉಳೋದು ಡೀಸೆಲ್ಲು" ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಕೊಂಡ ಮೇಲೆ ಅದನ್ನು ಓಡಿಸಲು ಮನಸ್ಸು ಬರಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿ, ಹಳೆಯ ಜಮಖಾನ ಹೊದಿಸಿ, ಡೈರಿಗೆ ಹೋಗಿ ಬರಲು ಮಾತ್ರ ತೆಗೆಯುತ್ತಿದ್ದರು. ಎಂಜಿನ್ ಬಿಸಿಯಾಗುವ ಹೊತ್ತಿಗೆ ಮನೆ ಬಂದಿರುತ್ತಿತ್ತು. ಕಡಿಮೆ ಓಡಿಸಿದಷ್ಟೂ ಬಾಳಿಕೆ ಜಾಸ್ತಿ ಎಂಬುದು ಅವರ ನಂಬಿಕೆ.

ಎರಡು ವರ್ಷದ ಹಿಂದೆ ಹಬ್ಬಕ್ಕೆಂದು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಬೆಳಿಗ್ಗೆ ತಿಂಡಿಯ ಹೊತ್ತು. ಹಸುವಿಗೆ ಹುಲ್ಲು ಹಿರಿಯಲು ಮೆದೆಯ ಹತ್ತಿರ ಹೋದ ಅತ್ತೆ ಕೂಗಲೂ ಇಲ್ಲ, ಕುಂಟುತ್ತಾ ಬಂದು ಜಗುಲಿಯ ಮೇಲೆ ಕೂತರು. "ಏನೋ ಕಚ್ತು ಕಣವ್ವ" ಎಂದು ಮಗಳಿಗೆ ಕಾಲು ತೋರಿಸಿದರು. ಪಾದ ಆಗಲೇ ಊದುತ್ತಿತ್ತು. ಮೆದೆಯ ಬುಡದಲ್ಲಿ ಕೊಳಕುಮಂಡಲ ಇನ್ನೂ ಬುಸುಗುಡುತ್ತಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಲು ಹೋದವನನ್ನು ಮಾವ ತಡೆದರು. "ಅದು ಬರೋಗಂಟ ನಾವು ಆಸನದ ಆಸ್ಪತ್ರೇಲಿರ್ತೀವಿ" ಎಂದು ಜಮಖಾನ ಕಿತ್ತೆಸೆದರು. ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಮಲಗಿಸಿ ನನ್ನ ಹೆಂಡತಿ ತಲೆಯ ಹತ್ತಿರ ಕೂತಳು. ನಾನು ಮುಂದೆ ಕೂತೆ.

ಹೆದ್ದಾರಿಗೆ ಹತ್ತಿ ಸ್ವಲ್ಪ ದೂರ ಸರಿಯಾಗಿಯೇ ಹೋದೆವು. ಆಮೇಲೆ ಕಾರು ಒಮ್ಮೆ ಮುಗ್ಗರಿಸಿತು. ಮಾವ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ವೇಗ ಏರಲಿಲ್ಲ, ಇದ್ದದ್ದೂ ಇಳಿಯಿತು. ಲಾರಿಗಳು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ನುಗ್ಗಿ ಹೋದವು. ಎತ್ತಿನ ಗಾಡಿಗಿಂತ ಒಂಚೂರು ಮೇಲು, ಅಷ್ಟೆ. ಮೀಟರಿನ ಗಾಜಿನ ಮೇಲೆ ಗಣಪತಿಯ ಪುಟ್ಟ ಸ್ಟಿಕರ್ ಅಂಟಿಸಿದ್ದರು, ಅದರ ಅಂಚಿನಿಂದ ಹಳದಿ ಬೆಳಕು ಸೋರುತ್ತಿತ್ತು. ಉಗುರಿನಿಂದ ಕೆರೆದು ತೆಗೆದೆ. ಎಚ್ಚರಿಕೆಯ ದೀಪ ಉರಿಯುತ್ತಿತ್ತು.

"ಇದು ಯಾವತ್ತಿಂದ ಹತ್ತಿದೆ ಮಾವ?"

"ಬೋ ದಿನ ಆಯ್ತು. ಕಣ್ಗೆ ಒಡೀತಿತ್ತು, ಅದ್ಕೇ ದೇವ್ರನ್ನ ಅಂಟ್ಸಿದ್ದೆ."

ಟ್ರ್ಯಾಕ್ಟರಿನಲ್ಲಿ ಯಾವ ದೀಪ ಹತ್ತಿದರೂ ಆರಿದರೂ ಉಳುಮೆ ನಿಲ್ಲುವುದಿಲ್ಲ. ಆ ಭರವಸೆಯ ಮೇಲೆ ಅವರು ದೀಪ ಮುಚ್ಚಿದ್ದರು. ಹೊಸ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿದಿಟ್ಟುಕೊಳ್ಳುವ ಒಂದು ಜಾಲರಿ ಇರುತ್ತದೆ, ದೂರ ಓಡಿಸಿದರೆ ಆ ಕಾವಿಗೆ ಮಸಿ ತಾನೇ ಸುಟ್ಟುಹೋಗುತ್ತದೆ, ಡೈರಿಗೂ ಮನೆಗೂ ಅಡ್ಡಾಡಿಸಿದರೆ ಕಟ್ಟಿಕೊಂಡು ಉಸಿರೇ ನಿಲ್ಲುತ್ತದೆ ಎಂಬುದೆಲ್ಲ ನಮಗೆ ಗೊತ್ತಾದದ್ದು ಆಮೇಲೆ, ಗ್ಯಾರೇಜಿನಲ್ಲಿ.

ಹಿಂದಿನಿಂದ ನನ್ನ ಹೆಂಡತಿ, "ಅಪ್ಪಾ, ಒಸಡಿಂದ ರಕ್ತ ಬತ್ತಾ ಐತೆ" ಎಂದಳು. ಅತ್ತೆ ಆ ಸ್ಥಿತಿಯಲ್ಲೂ, "ನಿಧಾನಕ್ಕೇ ಓಗಿ. ಕಾರಿಗೇನಾರ ಆಗ್ಬುಟ್ಟಾತು" ಎಂದರು. ಮಾವ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಎತ್ತನ್ನು ಎಬ್ಬಿಸುವವರ ಹಾಗೆ ಮುಂದಕ್ಕೆ ಮುಂದಕ್ಕೆ ನೂಕುತ್ತಿದ್ದರು.

ಶಾಂತಿಗ್ರಾಮದಲ್ಲಿ ನಾನು ಇಳಿದು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಚನ್ನರಾಯಪಟ್ಟಣದ ಕಡೆಯಿಂದ ಬಂದ ಬಸ್ಸು ಕಿರ್ರೆಂದು ನಿಂತಿತು. ಬೈಯಲು ಬಾಯಿ ತೆರೆದ ಕಂಡಕ್ಟರ್ ಅತ್ತೆಯ ಕಾಲು ನೋಡಿದ. "ಅತ್ಸಿ ಸಾ, ಬೇಗ ಅತ್ಸಿ! ಇಂದ್ಗಡೆ ಸೀಟ್ ಬುಡ್ರಪ್ಪೋ! ಆಸ್ಪತ್ರೆಗಂಟ ಯಾರೂ ಇಳ್ಯಂಗಿಲ್ಲ!" ನಾಲ್ಕು ಕೈ ಸೇರಿ ಅತ್ತೆಯನ್ನು ಎತ್ತಿಕೊಂಡವು. ಬಸ್ಸು ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಮಾವ ಬಸ್ಸಿಗೆ ಹತ್ತಿರಲಿಲ್ಲ. ನಡುರಸ್ತೆಯಲ್ಲಿ ಬಿಟ್ಟ ಕಾರಿನ ಬಾಗಿಲು ಹಿಡಿದು ಹಾಗೇ ನಿಂತಿದ್ದರು.

ಅವರು ಅದೇ ಕಾರನ್ನು ತೆವಳಿಸಿಕೊಂಡು ಆಸ್ಪತ್ರೆಗೆ ಬರುವ ಹೊತ್ತಿಗೆ ಔಷಧಿ ಏರಿಸಲು ಶುರುವಾಗಿತ್ತು. ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದರು: "ಇದ್ದಾಳಾ?" ಇದ್ದರು. ಆದರೂ ಕೆಲವು ದಿನ ಆ ಮಾತನ್ನು ಗಟ್ಟಿಯಾಗಿ ಹೇಳಲು ನಮಗೆ ಧೈರ್ಯವಿರಲಿಲ್ಲ. ಇನ್ನೊಂಚೂರು ತಡವಾಗಿದ್ದರೆ ಕಿಡ್ನಿ ಹೋಗುತ್ತಿತ್ತು ಎಂದರು ಡಾಕ್ಟರು.

ಅಲ್ಲಿಂದ ಶುರುವಾದದ್ದು ಈ ಭಾನುವಾರದ ಓಡಾಟ. ಒಂದು ವಾರ ಹೊಳೆನರಸೀಪುರ, ಒಂದು ವಾರ ಅರಕಲಗೂಡು, ಇಲ್ಲವೇ ಹಾಸನ. ಕೆಲಸವೇನಿಲ್ಲ, ಮಸಿ ಸುಡಬೇಕು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬರುತ್ತಾರೆ.

ಅತ್ತೆ ಅಡುಗೆಮನೆಗೆ ಹೋದದ್ದೇ ತಡ, ನಾನು ಲೆಕ್ಕ ಬಿಚ್ಚಿದೆ. ಮಸಿ ಸುಡಲೆಂದೇ ವಾರವಾರ ಡೀಸೆಲ್ ಸುಡುವುದು ಯಾವ ನ್ಯಾಯ, ಪೆಟ್ರೋಲ್ ಕಾರಿಗೆ ಈ ರಗಳೆಯೇ ಇಲ್ಲ, ಒಳ್ಳೆ ಬೆಲೆ ಬರುವಾಗಲೇ ಇದನ್ನು ಮಾರಿಬಿಡಿ ಎಂದೆ. ಹೆಂಡತಿ ಕಣ್ಣಲ್ಲೇ ಗದರಿಸಿದಳು. ಮಾವ ತಲೆ ತಗ್ಗಿಸಿ ಕೂತರು. ಸಿಟ್ಟು ಬಂತೇನೋ ಎಂದು ನನಗೆ ಭಯವಾಯಿತು.

"ನಿಮ್ ಲೆಕ್ಕ ಸರಿಯಾಗೇ ಐತೆ" ಎಂದರು ಕೊನೆಗೆ, ದನಿ ತಗ್ಗಿಸಿ. "ಆವತ್ತು ಬಸ್ಸು ಓಯ್ತಲ್ಲ, ಒಬ್ನೇ ನಿಂತಿದ್ನಲ್ಲ, ಆಗ ತಲೆಗ್ ಒಳೀತು. ಮದ್ವೆ ಆದಾಗಿಂದ ಅವಳ್ನ ಎಲ್ಲಿಗೂ ಕರ್ಕೊಂಡೋಗಿಲ್ಲ ನಾನು. ಬಾ ತಿರುಗಾಡ್ಕೊಂಡು ಬರಾನ ಅಂದ್ರೆ ನಗ್ತಾಳೆ, ಕೆಲ್ಸ ಐತೆ ಅಂತಾಳೆ. ಕಾರ್ ಕೆಟ್ಟೋಯ್ತದೆ ಅಂದ್ರೆ ಮಾತ್ರ ಎದ್ ಬತ್ತಾಳೆ. ಪೆಟ್ರೋಲ್ ಕಾರ್ ತಕೊಂಡ್ರೆ ಏನಂತ ಯೋಳಿ ಕರೀಲಿ ಅಳಿಯಂದ್ರೇ?"

ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಅರ್ಧ ಮಾತು ಕಿವಿಗೆ ಬಿದ್ದಿರಬೇಕು. "ನೀವು ಓದ್ದೋರು, ನೀವೇ ಯೋಳಿ. ಇಂಗೆ ವಾರವಾರ ಓಡಿಸ್ಲೇಬೇಕಾ? ಸುಮ್ಕೆ ದಂಡ ಅಲ್ವಾ? ಬ್ಯಾಡ ಅಂದ್ರೆ ಇವತ್ತಿಂದ್ಲೇ ನಿಲ್ಲಿಸ್ಬುಡಾನ."

ಮಾವ ನೆಲ ನೋಡುತ್ತಿದ್ದರು.

"ಓಡಿಸಲೇಬೇಕು ಅತ್ತೆ" ಎಂದೆ. "ಇಷ್ಟು ಹತ್ತಿರದ ಊರುಗಳು ಸಾಲೋದೇ ಇಲ್ಲ. ಆಗಾಗ ಘಾಟಿ ಇಳಿದು ಸಮುದ್ರದವರೆಗೂ ಹೋಗಿ ಬರಬೇಕು. ಇಲ್ಲದಿದ್ದರೆ ಕಾರು ಹಾಳಾಗತ್ತೆ."

ಅತ್ತೆ ಸಮುದ್ರ ಕಂಡವರಲ್ಲ. "ಅಷ್ಟೊಂದ್ ಮಸಿ ಐತಾ ಅದ್ರಾಗೆ?" ಎಂದರು.

"ಐತೆ ಕಣೇ" ಎಂದರು ಮಾವ, ನಾನು ಬಾಯಿ ತೆರೆಯುವ ಮೊದಲೇ.